ಬೀಟೆಯ ಹಲಗೆ, ಬಾಸ್‌ನ ಕತ್ತು: ಹಳೆಯ ಎಲೆಕ್ಟ್ರಿಕ್ ಬಾಸ್ ಗಿಟಾರ್‌ಗಳ ಪ್ರತಿಕೃತಿಯೂ ಮಲೆನಾಡಿನ ಮರವೂ

1962ರ ಫೆಂಡರ್ ಜಾಝ್ ಬಾಸ್‌ನ ತದ್ರೂಪು ಮಾಡಲು ಹೊರಟವರಿಗೆ ಪಿಕಪ್ ಸುತ್ತುವ ತಂತಿ, ಅಯಸ್ಕಾಂತ, ತಿರುಪು, ಅಂದಿನ ಕಾರುಗಳಿಗೆ ಬಳಿಯುತ್ತಿದ್ದ ಜಾತಿಯ ಬಣ್ಣ ಎಲ್ಲವೂ ಇಂದು ದುಡ್ಡಿಗೆ ಸಿಗುತ್ತವೆ. ಕಷ್ಟವಿರುವುದು ಕತ್ತಿನ ಮೇಲೆ ಅಂಟಿಸುವ, ಅರ್ಧ ಸೆಂಟಿಮೀಟರ್‌ಗಿಂತಲೂ ತೆಳುವಾದ ಒಂದು ಹಲಗೆಯದು. ಅಂದು ಅದು ಬ್ರೆಜಿಲ್‌ನ ಬೀಟೆ, ಸಸ್ಯಶಾಸ್ತ್ರದ ಡಾಲ್ಬರ್ಜಿಯಾ ನೈಗ್ರಾ. 1992ರಲ್ಲಿ ಆ ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿ, ಅದರ ಅಂತರರಾಷ್ಟ್ರೀಯ ವ್ಯಾಪಾರ ಹೆಚ್ಚುಕಡಿಮೆ ನಿಂತಿತು. ಅದರ ಜಾಗದಲ್ಲಿ ಈಗ ಕೂತಿರುವುದು ಪಶ್ಚಿಮಘಟ್ಟದ ನಮ್ಮ ಬೀಟೆ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಪ್ರತಿಕೃತಿಯ ನಿಷ್ಠೆಯನ್ನು ಅಳೆಯುವವರು ಸಾಮಾನ್ಯವಾಗಿ ನಾದದಿಂದಲೋ ನೋಟದಿಂದಲೋ ಶುರುಮಾಡುತ್ತಾರೆ. ಕಾಡು ಮತ್ತು ಕಾನೂನಿನಿಂದ ಶುರುಮಾಡಿದರೆ ಈ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ ಎಂಬುದು ಈ ಲೇಖನದ ವಾದ. ಅದನ್ನು ಮಲೆನಾಡಿನ ಅಂಚಿಗೆ ತಾಗಿಕೊಂಡಿರುವ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರುಗಳ ಬಯಲಿನಲ್ಲಿ ನಿಂತು ನೋಡಿದ್ದೇನೆ.

ಮೊದಲು ವಾದ್ಯದ ಕಥೆ. ಎಲೆಕ್ಟ್ರಿಕ್ ಬಾಸ್ ಗಿಟಾರನ್ನು ಲಿಯೋ ಫೆಂಡರ್ ಕಂಡುಹಿಡಿದ ಎಂಬ ಮಾತು ಪೂರ್ತಿ ನಿಜವಲ್ಲ. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಮೆಟ್ಟಿಲು) ಇರುವ, ಅಡ್ಡ ಹಿಡಿದು ನುಡಿಸುವ ಬಾಸ್ ಮಾಡಿ ಆಡಿಯೋವಾಕ್ಸ್ ಹೆಸರಿನಲ್ಲಿ ಮಾರಿದ್ದ. ಆದರೆ ಜಗತ್ತು ಹಿಡಿದುಕೊಂಡದ್ದು 1951ರ ಕೊನೆಗೆ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ ಹೊರಬಿದ್ದ ಫೆಂಡರ್ ಪ್ರಿಸಿಷನ್ ಬಾಸ್ ಅನ್ನು. ತಂತಿಯ ನುಡಿಯುವ ಉದ್ದ 34 ಇಂಚು, ಫ್ರೆಟ್ 20. ಆಶ್ ಮರದ ಗಟ್ಟಿ ಒಡಲು, ಒಂದೇ ತುಂಡು ಮೇಪಲ್‌ನ ಕತ್ತು. ಕತ್ತು ಬಾಗದಂತೆ ಒಳಗೆ ಕೂರಿಸುವ ಉಕ್ಕಿನ ಸರಳನ್ನು ಹಿಂಬದಿಯಿಂದ ಇಳಿಸಿ, ತೋಡಿದ ಕಾಲುವೆಯನ್ನು ವಾಲ್‌ನಟ್ ಪಟ್ಟಿಯಿಂದ ಮುಚ್ಚುತ್ತಿದ್ದರು. ಹಳೆಯ ಪ್ರಿಸಿಷನ್‌ಗಳ ಬೆನ್ನಿನ ಕಂದು ಗೆರೆ ಅದೇ. ಅಲಂಕಾರವೆಂದು ನಂಬಿ ಬಣ್ಣದಲ್ಲಿ ಆ ಗೆರೆ ಎಳೆದ ನಕಲುಗಳೂ ಇದ್ದರೆ ಆಶ್ಚರ್ಯವಿಲ್ಲ.

1957ರಲ್ಲಿ ಪ್ರಿಸಿಷನ್ ತನ್ನ ಈಗಿನ ರೂಪಕ್ಕೆ ಬಂತು: ಎರಡು ತುಂಡಾಗಿ ಸೀಳಿದ ಪಿಕಪ್, ಹೊಸ ತಲೆ. 1960ರಲ್ಲಿ ಜಾಝ್ ಬಾಸ್ ಬಂತು. ಪ್ರಿಸಿಷನ್‌ನ ಕತ್ತು ತಲೆಯ ಬಳಿಯ ನಟ್ ಹತ್ತಿರ ಸುಮಾರು 44 ಮಿಲಿಮೀಟರ್ ಅಗಲವಿದ್ದರೆ ಇದರದ್ದು ಸುಮಾರು 38. ಮೊದಲ ಜಾಝ್ ಬಾಸ್‌ಗಳಲ್ಲಿ ಒಂದರ ಮೇಲೊಂದು ಕೂತ ಜೋಡಿ ಗುಬ್ಬಿಗಳಿದ್ದವು, 1962ರ ಸುಮಾರಿಗೆ ಅವು ಮೂರು ಬಿಡಿ ಗುಬ್ಬಿಗಳಾದವು. ಇಂಥ ವಿವರಗಳನ್ನು ಪ್ರತಿಕೃತಿಕಾರರು ನಿದ್ದೆಯಲ್ಲೂ ಹೇಳುತ್ತಾರೆ.

ಬೀಟೆ ಬಂದದ್ದು ಈ ನಡುವೆ, 1958-59ರಲ್ಲಿ. ಅರಗು ಬಳಿದ ಮೇಪಲ್ ಹಲಗೆ ಬೆರಳಿನ ಬೆವರಿಗೆ ಸವೆದು ಕಪ್ಪು ಕಲೆಯಾಗಿ ಕಾಣುತ್ತಿತ್ತು, ಅದಕ್ಕೇ ಕಡುಬಣ್ಣದ ಮರ ತಂದರು ಎಂಬುದು ರೂಢಿಯಲ್ಲಿರುವ ಕಾರಣ. ಅದರ ಪರಿಣಾಮ ಮಾತ್ರ ಮರಗೆಲಸದ ಒಳಗೇ ಇಳಿಯಿತು. ಮೇಲೆ ಬೇರೆ ಹಲಗೆ ಅಂಟಿಸುವುದಾದರೆ ಸರಳನ್ನು ಮುಂದಿನಿಂದಲೇ ಇಳಿಸಬಹುದು, ಬೆನ್ನು ಸೀಳುವ ಕೆಲಸವೇ ಇಲ್ಲ. ಹೀಗಾಗಿ ಆ ಕಾಲದ ಬೀಟೆ ಹಲಗೆಯ ಕತ್ತುಗಳ ಬೆನ್ನಲ್ಲಿ ಕಂದು ಗೆರೆ ಇಲ್ಲ. 1959ರಿಂದ 1962ರ ನಡುವಿನವರೆಗೆ ಹಲಗೆಯ ತಳ ಸಮತಟ್ಟಾಗಿದ್ದು ದಪ್ಪ ಸುಮಾರು 4.8 ಮಿಲಿಮೀಟರ್ ಇತ್ತು. ಸಂಗ್ರಾಹಕರು ಇದನ್ನು ಸ್ಲ್ಯಾಬ್ ಬೋರ್ಡ್ ಎನ್ನುತ್ತಾರೆ. ಆಮೇಲೆ ಮೇಪಲ್‌ನ ಮೇಲ್ಮೈಯನ್ನೇ ಉಬ್ಬಾಗಿ ಕೀಸಿ, ಅದೇ ಬಾಗಿಗೆ ಒಗ್ಗುವ ತೆಳು ಬೀಟೆಯನ್ನು ಹೊದಿಸುವ ಕ್ರಮ ಬಂತು. ಒಂದೇ ವರ್ಷದ ಎರಡು ವಾದ್ಯಗಳಲ್ಲಿ ಎರಡು ಬಗೆಯ ಕತ್ತು ಇರುವುದು ಇದರಿಂದಲೇ. 1962ರ ಪ್ರತಿಕೃತಿ ಎಂದು ಮಾರುವವರನ್ನು ಯಾವ ತಿಂಗಳ 1962 ಎಂದು ಕೇಳಿದರೆ ತಪ್ಪಿಲ್ಲ.

ಇನ್ನು ಮರದ ಹಾದಿ. 1801ರಲ್ಲಿ, ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ಮಾಡುತ್ತಿದ್ದ ಫ್ರಾನ್ಸಿಸ್ ಬುಕಾನನ್ ಮಲೆನಾಡಿನ ನಗರ ಎಂಬ ಊರಿನಿಂದ ಹೊರಟು ಇಕ್ಕೇರಿ ಮತ್ತು ಚಿತ್ರದುರ್ಗ ಸಂಸ್ಥಾನಗಳ ನೆಲವನ್ನು ಹಾದು ಹಿರಿಯೂರಿಗೆ ಬಂದ. ಅವನ ಪ್ರವಾಸಗ್ರಂಥದ ಒಂದು ಇಡೀ ಅಧ್ಯಾಯ ಈ ದಾರಿಯದು. ಈ ಅಧ್ಯಯನಕ್ಕೆ ಅದು ಒಂದು ಕೊಯ್ತದ ಹಾಗೆ ಒದಗುತ್ತದೆ: ಒಂದು ತುದಿಯಲ್ಲಿ ಬೀಟೆ, ಹೊನ್ನೆ, ಮತ್ತಿಗಳ ಮಳೆಕಾಡು, ಇನ್ನೊಂದು ತುದಿಯಲ್ಲಿ ಕುರಿ, ಕಂಬಳಿ, ಕರಿಮಣ್ಣಿನ ಹಿರಿಯೂರು. ಬೀಟೆ ಮೊದಲ ಅರ್ಧದ ಮರ. ಹೊಸದುರ್ಗದ ಪಶ್ಚಿಮಕ್ಕೆ ತರೀಕೆರೆ ಕಡೆ ಹೋದಂತೆ ಭದ್ರೆಯ ಕಣಿವೆಯಲ್ಲಿ ಅದರ ಸೀಮೆ ಸಿಗುತ್ತದೆ. ದುರ್ಗದ ಒಣ ಕಾಡಿನ ಹೆಮ್ಮೆ ಬೇರೆಯೇ, ಅದು ಕಮರ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ, ಉಳಿಯ ಬಾಯಿ ಮುರಿಯುವಂಥದ್ದು.

ಬೀಟೆಗೆ ಸಸ್ಯಶಾಸ್ತ್ರದ ಹೆಸರಿಟ್ಟವನು ವಿಲಿಯಂ ರಾಕ್ಸ್‌ಬರ್ಗ್. ಕಂಪನಿ ಕಾಲದ ಯೂರೋಪಿಯನ್ನರ ಮನೆಗಳಿಗೆ ಈ ಮರ ಬ್ಲ್ಯಾಕ್‌ವುಡ್ ಎಂಬ ಹೆಸರಿನಲ್ಲಿ ಮಂಚ, ಮೇಜು, ಕುರ್ಚಿಗಳಾಗಿ ಹೋಯಿತು. ಮೈಸೂರಿನಲ್ಲಿ ಅದರ ಮೇಲೆ ದಂತ ಮತ್ತು ಬಣ್ಣದ ಮರಗಳನ್ನು ಕೆತ್ತಿ ಕೂರಿಸುವ ಕಸುಬು ಬೆಳೆಯಿತು. ದಂತದ ವ್ಯಾಪಾರ ನಿಂತ ಮೇಲೂ ಆ ಕೆಲಸ ಉಳಿದುಕೊಂಡು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ವಾದ್ಯದ ವಿಷಯಕ್ಕೆ ಬಂದರೆ ನಮ್ಮವರು ಒಡಲಿಗೆ ಹೆಚ್ಚು ಒಲಿದದ್ದು ಹಲಸಿಗೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದ ವೀಣೆಗಳು ಹಲಸಿನವು. ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂರುತ್ತವೆ, ಮರಕ್ಕೆ ನೇರ ಪೆಟ್ಟು ಬೀಳುವುದಿಲ್ಲ. ಬಾಸ್ ಗಿಟಾರ್‌ನ ಫ್ರೆಟ್‌ಗಳು ಹಾಗಲ್ಲ. ಮರದಲ್ಲಿ ಗರಗಸದಿಂದ ಸೀಳು ಹಾಕಿ ಲೋಹವನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು. ಹಲಗೆ ಒಡೆಯಲೂ ಬಾರದು, ಫ್ರೆಟ್‌ನ ಹಿಡಿತ ಬಿಡಲೂ ಬಾರದು. ಬೀಟೆ ಈ ಎರಡಕ್ಕೂ ಒದಗುವ ಮರ. ಒಳಗೇ ಎಣ್ಣೆಯಂಶ ಇರುವುದರಿಂದ ಮೇಲೆ ಅರಗೂ ಬೇಕಿಲ್ಲ.

ಬ್ರೆಜಿಲ್ ತನ್ನ ಬೀಟೆಯ ದಿಮ್ಮಿಗಳ ರಫ್ತನ್ನು 1960ರ ದಶಕದ ಕೊನೆಯಲ್ಲಿ ಬಿಗಿಮಾಡಿದಾಗ ಗಿಟಾರ್ ಕಾರ್ಖಾನೆಗಳು ಭಾರತದ ಕಡೆ ತಿರುಗಿದವು. ಹೆಸರಾಂತ ಮಾರ್ಟಿನ್ ಕಂಪನಿ 1969-70ರಲ್ಲಿ ತನ್ನ ಅಕೌಸ್ಟಿಕ್ ಗಿಟಾರ್‌ಗಳಿಗೆ ಭಾರತದ ಬೀಟೆಯನ್ನು ಒಪ್ಪಿಕೊಂಡಿತು. ಫೆಂಡರ್‌ನ ಹಲಗೆಗಳಲ್ಲಿ ಈ ಬದಲಾವಣೆ 1960ರ ದಶಕದ ನಡುವಿನ ನಂತರವೇ ಕಾಣತೊಡಗುತ್ತದೆ. ಅದೇ ಹೊತ್ತಿಗೆ, 1965ರ ಜನವರಿಯಲ್ಲಿ, ಫೆಂಡರ್ 13 ದಶಲಕ್ಷ ಡಾಲರಿಗೆ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ನ ಪಾಲಾಗಿತ್ತು. ಸಂಗ್ರಾಹಕರ ಲೋಕದಲ್ಲಿ ಸಿಬಿಎಸ್‌ಗೆ ಮೊದಲಿನದು ಚಿನ್ನ, ಆಮೇಲಿನದು ಹಿತ್ತಾಳೆ. ಇದರಿಂದ ನಮ್ಮ ಬೀಟೆಗೆ ಒಂದು ವಿಚಿತ್ರ ಅವಮಾನವಾಗಿದೆ ಎಂದು ನನಗೆ ಅನ್ನಿಸುತ್ತದೆ. ಕಾರ್ಖಾನೆ ಹದಗೆಟ್ಟ ಕಾಲದಲ್ಲೇ ಬಂದದ್ದರಿಂದ ಮರವೂ ಎರಡನೇ ದರ್ಜೆಯದೆಂಬ ಭಾವನೆ ಅಂಟಿಕೊಂಡಿತು. ನೋಡಲು ಎರಡೂ ಬೇರೆ ನಿಜ. ಬ್ರೆಜಿಲ್‌ನದರಲ್ಲಿ ಕಪ್ಪು ಗೆರೆಗಳು ಜೇಡರ ಬಲೆಯಂತೆ ಹೆಣೆದಿರುತ್ತವೆ, ನಮ್ಮದರ ಎಳೆ ನೇರ, ಬಣ್ಣ ನೇರಳೆ ಬೆರೆತ ಕಂದು, ರಂಧ್ರಗಳು ದೊಡ್ಡವು. ತೂಕದಲ್ಲಿ ಅಂಥ ಅಂತರವಿಲ್ಲ. ಗಟ್ಟಿ ಒಡಲಿನ ಎಲೆಕ್ಟ್ರಿಕ್ ವಾದ್ಯದಲ್ಲಿ, ಅದೂ ಮೇಪಲ್‌ಗೆ ಅಂಟಿದ ತೆಳು ಹಲಗೆಯಲ್ಲಿ, ಈ ಎರಡರ ನಾದಭೇದವನ್ನು ಕಿವಿಯಿಂದಲೇ ಹೇಳಬಲ್ಲೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ತದ್ರೂಪುಗಳನ್ನು ಶಿಸ್ತಿನಿಂದ ಮಾಡಿದವರು ಮೊದಲು ಜಪಾನೀಯರು. 1970ರ ದಶಕದ ಕೊನೆಗೆ ಟೋಕಾಯ್, ಗ್ರೆಕೋ ಕಂಪನಿಗಳು ಹಳೆಯ ಫೆಂಡರ್‌ಗಳನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡಿದವೆಂದರೆ, ಫೆಂಡರ್ 1982ರಲ್ಲಿ ತಾನೇ ಜಪಾನಿನಲ್ಲಿ ಪಾಲುದಾರಿಕೆಯ ಕಂಪನಿ ತೆರೆಯಿತು. ಅದೇ ವರ್ಷ ಫುಲರ್ಟನ್‌ನಲ್ಲೂ 1957 ಮತ್ತು 1962ರ ಮಾದರಿಗಳ ಮರುತಯಾರಿ ಶುರುವಾಯಿತು. ಮೂಲ ಕಂಪನಿ ತನ್ನ ಹಿಂದಿನ ಕೆಲಸವನ್ನು ತಾನೇ ಅಳತೆ ಹಿಡಿದು ಕಲಿಯಬೇಕಾಯಿತು. 1995ರಲ್ಲಿ ಇನ್ನೊಂದು ಹೆಜ್ಜೆ: ಹೊಸ ವಾದ್ಯವನ್ನೇ ಗೀರಿ, ಸವೆಸಿ, ತುಕ್ಕು ಹಿಡಿಸಿ ಹಳತು ಮಾಡಿ ಮಾರುವ ರೆಲಿಕ್ ಸರಣಿ ಬಂತು. ಬಾಸ್ ವಾದಕ ಜೇಕೊ ಪಾಸ್ಟೋರಿಯಸ್‌ನ 1962ರ ಜಾಝ್ ಬಾಸ್‌ನ ಸವೆದ ಪ್ರತಿಕೃತಿಯನ್ನೂ ಫೆಂಡರ್ ಮಾಡಿತು. ಜೇಕೊ ತನ್ನ ಬಾಸ್‌ನ ಫ್ರೆಟ್‌ಗಳನ್ನು ಕಿತ್ತು, ಬೀಟೆಯ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದ. 1986ರಲ್ಲಿ ಕಳುವಾದ ಆ ಬಾಸ್ ಸುಮಾರು 20 ವರ್ಷಗಳ ನಂತರವಷ್ಟೇ ಸಿಕ್ಕಿತು. ಪ್ರತಿಕೃತಿ ಮಾರುಕಟ್ಟೆಗೆ ಬಂದಾಗ ಮೂಲ ಕಾಣೆಯಾಗಿತ್ತು. ತದ್ರೂಪುಗಳ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ನಕಲಿಗೂ ಮೋಸಕ್ಕೂ ನಡುವಿನ ಗೆರೆಯನ್ನು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ಎಳೆಯಿತು. ಪ್ರಿಸಿಷನ್ ಬಾಸ್‌ನ ಒಡಲಿನ ಆಕಾರ ಈಗ ಸಾರ್ವತ್ರಿಕ, ಅದು ಫೆಂಡರ್ ಒಬ್ಬರ ಸ್ವತ್ತಲ್ಲ ಎಂದು ತೀರ್ಪಾಯಿತು. ಹೆಸರು, ತಲೆಯ ಆಕಾರ ಮಾತ್ರ ಅವರದು. ನಮ್ಮಲ್ಲಿ ಆಮದು ವಾದ್ಯ ಕೈಗೆಟುಕದ ಕಾಲದಲ್ಲಿ ಆರ್ಕೆಸ್ಟ್ರಾಗಳ ಕೈಗೆ ಬಂದ ಕೋಲ್ಕತ್ತದ ಗಿಟಾರ್‌ಗಳಲ್ಲಿ ಗಿವ್ಸನ್ ಎಂಬ ಹೆಸರಿದೆ, ಅದು ಯಾರ ನೆರಳೆಂದು ಬಿಡಿಸಿ ಹೇಳಬೇಕಿಲ್ಲ.

ಈ ಎಲ್ಲದರ ನಡುವೆ ಬೀಟೆಯೇ ಮೊಕದ್ದಮೆಯ ವಸ್ತುವಾಯಿತು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಟಾರ್ ಕಂಪನಿ ಗಿಬ್ಸನ್‌ನ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. ಪ್ರಶ್ನೆ ಕೇಳಲು ಸಣ್ಣದು: ಫಿಂಗರ್‌ಬೋರ್ಡ್‌ಗೆಂದು ಕೊಯ್ದ ಹಲಗೆ ಭಾರತ ರಫ್ತು ನಿಷೇಧಿಸಿರುವ ಕೊಯ್ದ ನಾಟಾವೋ, ಅಥವಾ ತಯಾರಾದ ವಾದ್ಯದ ಭಾಗವೋ? ಸುಂಕದ ಪಟ್ಟಿಯ ಯಾವ ಸಂಖ್ಯೆ ಬರೆದಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತಿತ್ತು. ಅದು ತಯಾರಾದ ವಸ್ತು, ರಫ್ತಿಗೆ ಅಡ್ಡಿಯಿಲ್ಲ ಎಂದು ಭಾರತದ ವಿದೇಶ ವ್ಯಾಪಾರ ನಿರ್ದೇಶನಾಲಯದಿಂದ ಆ ಸೆಪ್ಟೆಂಬರ್‌ನಲ್ಲಿ ಪತ್ರ ಹೋಯಿತು. 2012ರ ಒಪ್ಪಂದದಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿತು. ಆದರೆ ಅಲ್ಲಿ ಮುಖ್ಯ ತಪ್ಪು ಮಡಗಾಸ್ಕರ್‌ನ ಕರಿಮರದ್ದು, ಭಾರತದ ಹಲಗೆಗಳು ವಾಪಸಾದವು. 2017ರ ಜನವರಿ 2ರಿಂದ ಮೊದಲ ಅನುಬಂಧದಲ್ಲಿದ್ದ ಬ್ರೆಜಿಲ್‌ನ ಬೀಟೆಯನ್ನು ಬಿಟ್ಟು ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳೂ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿದಾಗ ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯಲ್ಲಿ ಬೀಟೆ ಬಿಟ್ಟು ದಕ್ಷಿಣ ಅಮೆರಿಕದ ಪಾವ್ ಫೆರೋ ಹಿಡಿಯಿತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ರಿಯಾಯಿತಿ ಸಿಕ್ಕಿದೆ.

ಇಂಡಿಯನ್ ರೋಸ್‌ವುಡ್ ಎಂಬ ಚೀಟಿ ಅಂಟಿದ್ದೆಲ್ಲ ಭಾರತದ್ದೇ ಆಗಬೇಕಿಲ್ಲ. ಇದೇ ಜಾತಿಯ ಮರವನ್ನು ಜಾವಾದಲ್ಲಿ ನೆಟ್ಟು ಬೆಳೆಸುತ್ತಾರೆ. ನಮ್ಮ ಕಡೆ ಅದು ಕಾಡಿನಲ್ಲಲ್ಲದೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲೂ ನೆರಳಿನ ಮರವಾಗಿ ನಿಂತಿದೆ. ಬೀಟೆಯ ಜಾಗಕ್ಕೆ ಬೇಗ ಬೆಳೆಯುವ ಸಿಲ್ವರ್ ಓಕ್ ಬರುತ್ತಿರುವುದನ್ನು ತೋಟದವರೇ ಹೇಳುತ್ತಾರೆ. ಕಾಲು ಶತಮಾನದಲ್ಲಿ ಕೊಯ್ಯುವ ಮರಕ್ಕೂ ಮೊಮ್ಮಕ್ಕಳ ಕಾಲಕ್ಕೆ ಕೆಚ್ಚು ಕಟ್ಟುವ ಮರಕ್ಕೂ ತೋಟದ ಲೆಕ್ಕದಲ್ಲಿ ಸಮವಿಲ್ಲ.

ಹಾಗಾದರೆ ದುರ್ಗದ ಬಯಲಿನಲ್ಲಿ ಕೂತು ಒಬ್ಬ ಬಡಗಿ ಈ ಬಾಸ್ ಮಾಡಬಹುದೇ? ಪಿಕಪ್‌ನಿಂದ ಶುರುಮಾಡೋಣ. 42 ಗೇಜಿನ, ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಅಲ್ನಿಕೋ ಅಯಸ್ಕಾಂತಗಳ ಸುತ್ತ ಸಾವಿರಾರು ಬಾರಿ ಸುತ್ತಬೇಕು. ಊರಿನ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಇದು ಹೊಸ ವಿದ್ಯೆಯಲ್ಲ, ತಂತಿ ಸಣ್ಣದು ಅಷ್ಟೆ. ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು, ಹಟ್ಟಿ ಚಿನ್ನದ ಗಣಿ ಕಂಪನಿ ಅದನ್ನು ನಡೆಸಿತ್ತು. ಈಗ ತಂತಿ ಎಲ್ಲಿಂದಲಾದರೂ ಬರುತ್ತದೆ. ಕೀಸುಳಿ, ಉಳಿ, ಅರಗಳ ಕೈಚಳಕಕ್ಕೂ ಇಲ್ಲಿ ಬರವಿಲ್ಲ.

ತೊಡಕಿರುವುದು ಹವೆಯಲ್ಲಿ. ಮಲೆನಾಡಿನ ತೇವದಲ್ಲಿ ಇಟ್ಟ ಬೀಟೆಯ ಹಲಗೆಯನ್ನು ತಂದು ಹಿರಿಯೂರಿನ ಬೇಸಿಗೆಯಲ್ಲಿ ಕತ್ತಿಗೆ ಅಂಟಿಸಿದರೆ ಮರ ಅಡ್ಡಲಾಗಿ ಕುಗ್ಗುತ್ತದೆ. ಲೋಹ ಕುಗ್ಗುವುದಿಲ್ಲ. ಫ್ರೆಟ್‌ಗಳ ತುದಿ ಹೊರಚಾಚಿ ನುಡಿಸುವವನ ಅಂಗೈ ಗೀರುತ್ತದೆ. ಇದಕ್ಕೆ ಮದ್ದು ಒಂದೇ, ನುಡಿಯುವ ಊರಿನ ಹವೆಯಲ್ಲೇ ಮರವನ್ನು ಸಾಕಷ್ಟು ಕಾಲ ಒಣಗಲು ಬಿಡುವುದು. ಹಾಗೆ ನೋಡಿದರೆ ಒಣ ಸೀಮೆಯ ಕಾರ್ಖಾನೆಗೆ ಇದು ಅನುಕೂಲವೇ.

ಕಮರದ ಹಲಗೆ ಹಾಕಿದರೆ? ಗಟ್ಟಿತನಕ್ಕೆ ಕೊರತೆಯಿಲ್ಲ, ಫ್ರೆಟ್ ಹಿಡಿದೀತು, ಕತ್ತಿನ ತೂಕ ಹೆಚ್ಚಿ ವಾದ್ಯ ತಲೆ ಕೆಳಗೆ ಹಾಕುವ ಭಯ ಇದ್ದೇ ಇದೆ. ಅದು ಒಳ್ಳೆಯ ಬಾಸ್ ಆದೀತು, ಪ್ರತಿಕೃತಿ ಆಗಲಾರದು. ತಗ್ಗಿನ ಸ್ವರಕ್ಕೆ ಈ ಸೀಮೆಯ ಜನ ಬಾಸ್ ಗಿಟಾರ್‌ಗಾಗಿ ಕಾಯುತ್ತಲೂ ಕೂತಿರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಮ್ಯಾಸಬೇಡರ ಜಾತ್ರೆಗಳ ಉರುಮೆಯಲ್ಲಿ ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿ ಎಬ್ಬಿಸುವ ಜಾರುವ ಮೊರೆತ ಫ್ರೆಟ್ ಇಲ್ಲದ ಬಾಸ್‌ಗೆ ಏನೂ ಕಡಿಮೆಯಲ್ಲ.

ನಿಷ್ಠೆಯ ಪ್ರಶ್ನೆಗೆ ಹೀಗೆ ಉತ್ತರಿಸಬಹುದು. 1962ರ ಬಾಸ್‌ಗೆ ಭಾರತದ ಬೀಟೆ ಹಾಕಿದರೆ ಅದು ಬದಲಿ. 1970ರ ಸುಮಾರಿನ ಬಾಸ್‌ಗೆ ಅದೇ ಮರ ಹಾಕಿದರೆ ಅದು ಮೂಲ. ಹಾಗಿದ್ದೂ ಮಾರುಕಟ್ಟೆ ಮೊದಲನೆಯದನ್ನೇ ಬೇಡುತ್ತದೆ, ಎರಡನೆಯದನ್ನು ಕಡೆಗಣಿಸುತ್ತದೆ. ಕರ್ನಾಟಕದ ಕುಶಲಕರ್ಮಿಗೆ ದಾಖಲೆಯ ದೃಷ್ಟಿಯಿಂದ ತೀರಾ ಪ್ರಾಮಾಣಿಕವಾಗಿ ಮಾಡಲು ಸಾಧ್ಯವಿರುವುದು ಈ ಎರಡನೆಯದೇ.

ದಾಖಲೆ ಎಂದಾಗ ಕೊನೆಯದೊಂದು ವಿವರ. ಹಳೆಯ ಫೆಂಡರ್‌ನ ಕತ್ತನ್ನು ಬಿಚ್ಚಿದರೆ ಬುಡದಲ್ಲಿ ತಿಂಗಳು, ವರ್ಷ ಸಿಗುತ್ತದೆ, ಮೊದಮೊದಲು ಪೆನ್ಸಿಲ್‌ನಲ್ಲಿ, 1962ರಿಂದ ಮುದ್ರೆಯಲ್ಲಿ. ನಿಷ್ಠಾವಂತ ಪ್ರತಿಕೃತಿಗಳು ಆ ಮುದ್ರೆಯನ್ನೂ ಅನುಕರಿಸುತ್ತವೆ. ಅದು ಮೇಪಲ್ ಕತ್ತಿನ ತಾರೀಖು. ಮೇಲಿನ ಬೀಟೆಗೆ ಅಂಥದ್ದೇನೂ ಇಲ್ಲ. ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ದಿಮ್ಮಿಯ ಮೇಲೆ ಸುತ್ತಿಗೆಯಿಂದ ಒತ್ತಿದ ಗುರುತು ಗರಗಸದ ಮೊದಲ ಕೊಯ್ತಕ್ಕೇ ಹೋಗುತ್ತದೆ, ಆಮೇಲೆ ಆ ಮರದ ಗುರುತು ಉಳಿಯುವುದು ರಹದಾರಿ ಪತ್ರದಲ್ಲಿ ಮಾತ್ರ. ಬಾಸ್‌ನ ಜೊತೆ ಆ ಪತ್ರದ ನಕಲನ್ನೂ ಪೆಟ್ಟಿಗೆಯಲ್ಲಿ ಇಟ್ಟು ಕೊಡುವ ತಯಾರಕ ಫುಲರ್ಟನ್ ತನ್ನ ಅತ್ಯುತ್ತಮ ವರ್ಷಗಳಲ್ಲೂ ಕೊಡದಿದ್ದದ್ದನ್ನು ಕೊಟ್ಟಂತಾಗುತ್ತದೆ.