ಕೆಂಡದ ಲೆಕ್ಕ

ಹೊಸಪೇಟೆ ಬಿಟ್ಟು ಕಂಪ್ಲಿಯ ಕಡೆಗೋ ದರೋಜಿಯ ಕಡೆಗೋ ಹೊರಟವರಿಗೆ ಬಂಡೆಗುಡ್ಡಗಳಷ್ಟೇ ಧಾರಾಳವಾಗಿ ಕಾಣುವುದು ಜಾಲಿಮುಳ್ಳು. ಅಮೆರಿಕ ಖಂಡದಿಂದ ಬಂದ ಈ ಗಿಡಕ್ಕೆ ಕನ್ನಡದಲ್ಲಿ ‘ಬಳ್ಳಾರಿ ಜಾಲಿ’ ಎಂಬ ಹೆಸರೇ ನಿಂತುಬಿಟ್ಟಿದೆ. ಹೊಲಕ್ಕೆ ಶನಿಯಾದರೂ ಒಲೆಗೆ ಅದು ನೆಂಟ. ಉರಿ ಇಳಿದ ಮೇಲೂ ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮಿತವ್ಯಯದ ಅಡುಗೆಯ ಗುಟ್ಟೆಲ್ಲ ಈ ಕೆಂಡದಲ್ಲಿದೆ.

ನೀರು ಒಮ್ಮೆ ಕುದಿಗೆ ಬಂದಿತೆಂದರೆ, ತೆರೆದ ಪಾತ್ರೆಯ ಕೆಳಗೆ ಎಷ್ಟೇ ಸೌದೆ ಒಟ್ಟಿದರೂ ಅದರ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ. ಹೆಚ್ಚಿನ ಉರಿ ಆವಿಯಾಗಿ ಹೋಗುತ್ತದೆ, ಅಷ್ಟೆ. ಬೇಳೆ ಬೇಯಲು ಬೇಕಾದುದು ಉರಿಯಲ್ಲ, ಕುದಿಯ ಬಿಸಿ ಆರದಂತೆ ಕಾಯುವುದು. ನಮ್ಮ ಹೆಂಗಸರು ಇದನ್ನು ಯಾವ ಪಠ್ಯಪುಸ್ತಕದಿಂದಲೂ ಕಲಿತವರಲ್ಲ. ದೊಡ್ಡ ಒಲೆಯ ಮಗ್ಗುಲಲ್ಲಿ, ಅದರ ಉರಿಯೇ ಒಳದಾರಿಯಿಂದ ಹಾಯುವಂತೆ ಕಟ್ಟಿದ ಕೋಡೊಲೆಗೆ ಬೇರೆ ಸೌದೆಯ ಖರ್ಚಿಲ್ಲ. ಮುಂದಿನ ಒಲೆಯಲ್ಲಿ ಕುದಿ ಬಂದ ಪಾತ್ರೆ ಅಲ್ಲಿಗೆ ಸರಿಯುತ್ತಿತ್ತು. ಬೆರಣಿಯ ಕಾವಿನಲ್ಲಿ ದಿನವಿಡೀ ಇಟ್ಟ ಹಾಲಿಗೆ ಬರುವ ಕೆಂಪು ಕೆನೆಯೂ ಇದೇ ಜಾಣ್ಮೆಯ ಫಲ.

ಈ ಜಾಣ್ಮೆಗೆ ಯಂತ್ರದ ರೂಪ ಕೊಟ್ಟವರಲ್ಲಿ ಕಲ್ಕತ್ತದ ಡಾ. ಇಂದುಮಾಧವ ಮಲ್ಲಿಕ್ ಒಬ್ಬರು. 1910ರಲ್ಲಿ ಅವರು ರೂಪಿಸಿದ ‘ಇಕ್ಮಿಕ್ ಕುಕ್ಕರ್’ನಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗೆ ಇದ್ದಿಲು ಹಾಕಿ ಬಿಟ್ಟರೆ, ಕೆಲವು ಗಂಟೆಗಳಲ್ಲಿ ಅನ್ನ, ಬೇಳೆ, ಪಲ್ಯ ತಾನಾಗಿ ಬೇಯುತ್ತಿದ್ದವು. ವಿದ್ಯುತ್ತಿನ ‘ಸ್ಲೋ ಕುಕ್ಕರ್’ ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಅವರದು. ಪೇಟೆಂಟ್ ದೊರೆತದ್ದು 1940ರಲ್ಲಿ. ಬೆಂಕಿ ಹೊತ್ತಿಸಬಾರದ ಸಬ್ಬತ್ ದಿನಕ್ಕಾಗಿ ಲಿಥುವೇನಿಯಾದ ಯೆಹೂದಿ ಮನೆಗಳವರು ಹಿಂದಿನ ಸಂಜೆಯೇ ಬೇಕರಿಯ ಆರುತ್ತಿರುವ ಒಲೆಯಲ್ಲಿ ಮಡಕೆ ಇಟ್ಟುಬರುತ್ತಿದ್ದ ಕಥೆಯನ್ನು ತಾಯಿಯಿಂದ ಕೇಳಿದ್ದೇ ಅವರಿಗೆ ಪ್ರೇರಣೆ. ಅಂದರೆ ಅಲ್ಲಿಯೂ ಮೂಲ ಕೋಡೊಲೆಯೇ!

ಕರ್ನಾಟಕದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿ ವಿಜ್ಞಾನಿಗಳ ಮುಂದೆ ಬಂದದ್ದು 1970ರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಸೌದೆಯ ಲೆಕ್ಕ ತೆಗೆಯಿತು. ಹೆಚ್ಚಿನ ಸೌದೆ ಕೊಂಡದ್ದಲ್ಲ, ಹೆಂಗಸರು ಮಕ್ಕಳು ಆಯ್ದು ಹೊತ್ತು ತಂದದ್ದು. ಆದ್ದರಿಂದ ಅಲ್ಲಿ ಸೌದೆ ಉಳಿದರೆ ಮನೆಯ ಯಜಮಾನನ ಜೇಬಿಗೆ ಅದು ತಿಳಿಯುವುದೇ ಇಲ್ಲ. ತಿಳಿಯುವುದು ಹೊರೆ ಹೊತ್ತವಳ ಕುತ್ತಿಗೆಗೆ. ಒಲೆಯ ಚರ್ಚೆಯಲ್ಲಿ ಸದಾ ಮರೆತುಹೋಗುವ ಮಾತಿದು.

ಆ ತಂಡದ ‘ಅಸ್ತ್ರ ಒಲೆ’ ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯಿಸುತ್ತಿತ್ತು. ಹೊಗೆ ಕೊಳವೆಯಲ್ಲಿ ಹೊರಗೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಪ್ರಯೋಗಾಲಯದಲ್ಲಿ ಇದರದು ಶೇ 40ರ ಆಸುಪಾಸು. ಆದರೆ ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ತೆಗೆಯುತ್ತಿರಬೇಕು. ಆ ದುಡಿಮೆಯೂ ಅವಳದೇ.

ಇಂದು ಗ್ಯಾಸ್ ಬಂದ ಮನೆಯಲ್ಲಿ ಸ್ಲೋ ಕುಕ್ಕರ್ ಕೊಳ್ಳುವುದು ಲಾಭವೇ? 200 ವ್ಯಾಟಿನದು 8 ಗಂಟೆ ನಡೆದರೆ 1.6 ಯೂನಿಟ್ ಖರ್ಚು. ತೊಗರಿಬೇಳೆಗೆ ಇದು ದುಂದು. ಪ್ರೆಷರ್ ಕುಕ್ಕರಿನ ನಾಲ್ಕು ಕೂಗೇ ಅಗ್ಗ. ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸುವ ಅಭ್ಯಾಸವಿದ್ದವರಿಗೆ ಮಾತ್ರ ಅದು ಲಾಭ. ಅದಕ್ಕಿಂತಲೂ ಅಗ್ಗದ ದಾರಿ, ಯುದ್ಧಕಾಲದ ಯೂರೋಪಿನ ಗೃಹಿಣಿಯರು ಬಳಸಿದ ಹುಲ್ಲುಪೆಟ್ಟಿಗೆ. ಅಕ್ಕಿ ಚೆನ್ನಾಗಿ ಕುದಿಯುವಾಗ ಮುಚ್ಚಳ ಬಿಗಿದು, ಒಲೆಯಿಂದ ಇಳಿಸಿ, ಪಾತ್ರೆಯನ್ನು ಒಣಹುಲ್ಲಿನಲ್ಲೋ ಹಳೆಯ ಕಂಬಳಿಯಲ್ಲೋ ಹುದುಗಿಸಿಟ್ಟರಾಯಿತು. ಮಧ್ಯೆ ತೆರೆದು ನೋಡುವ ಚಪಲ ಮಾತ್ರ ಇರಬಾರದು.