ಮಿಸ್ತ್ರಿಯ ಮಾತು: ಮಿರಜ್–ಸಾಂಗಲಿ ಸೀಮೆಯಲ್ಲಿ ರಿಪೇರಿ ಮತ್ತು ನಂಬಿಕೆ

ಗಡಿಭಾಗದ ಚರಿತ್ರೆ ಅಂದಕೂಡಲೇ ನಮ್ಮ ಗೋಷ್ಠಿಗಳಲ್ಲಿ ಶಾಸನ, ಮಹಾಜನ ವರದಿ, ಕನ್ನಡ ಶಾಲೆಗಳ ಮಾತು ಬರುತ್ತದೆ. ನಾನು ಇವತ್ತು ಗ್ಯಾರೇಜಿನಿಂದ ಶುರು ಮಾಡ್ತೀನಿ. ಕಾರಣ ಒಂದು ಬ್ರೇಕ್ ಪ್ಯಾಡ್.

ಕಳೆದ ವರ್ಷ ಅವ್ವನ ಕಣ್ಣು ತೋರಿಸಲು ಮಿರಜ್‌ಗೆ ಹೋಗಿದ್ದೆ. ಅಥಣಿ, ರಾಯಬಾಗ ಕಡೆಯವರಿಗೆ ದೊಡ್ಡ ದವಾಖಾನೆ ಅಂದ್ರೆ ಇಂದಿಗೂ ಮಿರಜ್. ಎರಡು ದಿನ ಮೊದಲು ಅಲ್ಲಿಯೇ ಒಂದು ಗ್ಯಾರೇಜಿನಲ್ಲಿ ಬೈಕಿನ ಮುಂದಿನ ಡಿಸ್ಕ್ ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿದ್ದೆ. ಬ್ರೇಕ್ ಹಿಡಿದಾಗೆಲ್ಲ ಕರಕರ ಸಪ್ಪಳ. ಫೋನ್ ಮಾಡಿ ಕೇಳಿದರೆ, "ಹೊಸಾ ಪ್ಯಾಡ್ ಐತಲ್ರೀ, ನಾಕು ದಿನ ಸಪ್ಪಳ ಮಾಡ್ತದ" ಅಂದರು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವ ತನಕ ಸದ್ದು ಮಾಡುವುದು ನಿಜವೇ. ಆದ್ದರಿಂದಲೇ ನಂಬಿದೆ. ಸಾಂಗಲಿ ರಸ್ತೆಯಲ್ಲಿ, ವಿಶ್ರಾಮಬಾಗದ ಹತ್ತಿರ ಮುಂದಿನ ಎಸ್‌ಟಿ ಬಸ್ ನಿಂತಿತು, ನಮ್ಮ ಬೈಕ್ ನಿಲ್ಲಲಿಲ್ಲ. ಹಿಂದಿನ ಬ್ರೇಕನ್ನು ಪೂರ್ತಿ ತುಳಿದು ಎಡಕ್ಕೆ ಮಣ್ಣಿಗಿಳಿಸಿದೆ. ಬಿದ್ದೆವು. ಅವ್ವನ ಮೊಣಕೈ ತರಚಿತು, ಅಷ್ಟೇ. ಆದರೆ ಆಕೆ ಇನ್ನೂ ನನ್ನ ಬೈಕ್ ಹತ್ತಿಲ್ಲ.

ಇನ್ನೊಬ್ಬ ಮಿಸ್ತ್ರಿ ಬಿಚ್ಚಿ ನೋಡಿದಾಗ ಎರಡರಲ್ಲಿ ಒಂದು ಪ್ಯಾಡ್ ತಿರುವುಮುರುವಾಗಿತ್ತು. ಪ್ಯಾಡಿಗೆ ಎರಡು ಮುಖ: ಡಿಸ್ಕನ್ನು ಒತ್ತಿ ಹಿಡಿಯುವ ಲೈನಿಂಗ್ ಒಂದು ಕಡೆ, ಅದಕ್ಕೆ ಬೆನ್ನಾಗಿ ನಿಲ್ಲುವ ಉಕ್ಕಿನ ಪಟ್ಟಿ ಇನ್ನೊಂದು ಕಡೆ. ನನ್ನ ಬೈಕಿನಲ್ಲಿ ಉಕ್ಕು ಉಕ್ಕನ್ನೇ ಉಜ್ಜುತ್ತಿತ್ತು. ಆತ ನನ್ನ ಬೆರಳು ಹಿಡಿದು ಡಿಸ್ಕಿನ ಮೇಲಾಡಿಸಿದ. ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳು.

ಇಲ್ಲೊಂದು ಪದದ ವಿಚಾರ ಹೇಳಿಬಿಡ್ತೀನಿ. ಮಿಸ್ತ್ರಿ, ನಮ್ಮ ಮೇಸ್ತ್ರಿ, ಎರಡೂ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವು. ಅರ್ಥ: ಗುರು, ಕಸುಬಿನಲ್ಲಿ ಪಳಗಿದವ. ಇದು ಮುಂದೆ ಬೇಕಾಗುತ್ತದೆ.

ಮಿರಜ್ ಎಂಬ ಊರು ಲೋಕಕ್ಕೆ ಗೊತ್ತಾದದ್ದೇ ಒಂದು ರಿಪೇರಿಯಿಂದ ಅಂದರೆ ಅತಿಶಯವಾಗಲಾರದು. ಅಲ್ಲಿನ ಸಿತಾರ್ ತಯಾರಕ ಮನೆತನಗಳು ತಮ್ಮ ಮೂಲಪುರುಷನೆಂದು ಹೇಳುವ ಫರೀದ್‌ಸಾಹೇಬ್, 19ನೇ ಶತಮಾನದ ನಡುಗಾಲದವರು, ಜಾತಿಕಸುಬಿನಿಂದ ಶಿಕಲಗಾರ. ಅಂದರೆ ಕತ್ತಿ, ಕಠಾರಿಗೆ ಸಾಣೆ ಹಿಡಿಯುವವರು. ಪೇಶ್ವಾಯಿ ಮುಗಿದು ಕತ್ತಿಯ ಕೆಲಸ ಕಡಿಮೆಯಾಗಿತ್ತು. ಪಟವರ್ಧನ ದೊರೆ ಬಾಳಾಸಾಹೇಬರ ಆಶ್ರಯದ ಗಾಯಕ–ವಾದಕರ ವಾದ್ಯ ಕೆಟ್ಟರೆ ಊರಲ್ಲಿ ಸರಿಮಾಡುವವರಿರಲಿಲ್ಲ. ಆ ಕೆಲಸ ಇವರ ಕೈಗೆ ಬಂತು ಎಂದು ಮನೆತನದವರು ಹೇಳುತ್ತಾರೆ. ಮೊದಲು ರಿಪೇರಿ, ಆಮೇಲೆ ತಯಾರಿಕೆ. ಪಂಢರಪುರ ಕಡೆಯ ಸೋರೆಬುರುಡೆ ತಂದು ತಂಬೂರಿ ಮಾಡುವುದು ಹೀಗೆ ಬೆಳೆಯಿತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಮಿರಜ್‌ನಲ್ಲೇ ನೆಲೆ ನಿಂತರು. 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಾನಪುರಕ್ಕೆ ಜಿಐ ಮಾನ್ಯತೆ ಸಿಕ್ಕಿತು.

ಕತ್ತಿ ಮಸೆಯುವವನ ಕೈಗೆ ತನ್ನ ವಾದ್ಯ ಕೊಡಲು ಸಂಗೀತಗಾರ ಹೇಗೆ ಒಪ್ಪಿದ? ನನಗೆ ತೋಚುವ ಉತ್ತರ ಇದು: ಪರೀಕ್ಷೆ ಆತನ ಕಿವಿಯಲ್ಲೇ ಇತ್ತು. ಕುದುರೆಯ ಮೇಲ್ಮೈಯನ್ನು ಅರದಿಂದ ತೀಡಿ ಜವಾರಿ ತೆಗೆದಮೇಲೆ ತಂತಿ ಮೀಟಿದರೆ ಆಯ್ತು, ಕೆಲಸ ಸರಿಯೋ ತಪ್ಪೋ ಅಲ್ಲೇ ತಿಳೀತದೆ. ತಪ್ಪಾಗಿದ್ದರೆ ಅಪಸ್ವರ, ಪ್ರಾಣ ಹೋಗೋದಿಲ್ಲ. ನನ್ನ ಕಿವಿಗೂ ಅಪಸ್ವರ ಕೇಳಿಸಿತ್ತು ನೋಡ್ರಿ. ಅದರ ಅರ್ಥ ಹೇಳುವ ಅಧಿಕಾರ ಮಾತ್ರ ನನ್ನದಾಗಿರಲಿಲ್ಲ.

ಎರಡನೆಯ ಉದಾಹರಣೆ ವಾಹನದ್ದೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಇಟ್ಟದ್ದು ಸೈಕಲ್ ಅಂಗಡಿ. ಮಾರಾಟ, ರಿಪೇರಿ, ಜೊತೆಗೆ ಸೈಕಲ್ ಕಲಿಸುವುದೂ ಅಲ್ಲೇ. ಈ ಕಲಿಸುವುದು ಮುಖ್ಯ. ಕಲಿತ ಗಿರಾಕಿಗೆ ಗಾಡಿಯ ನಡೆ ತಿಳಿಯುತ್ತದೆ, ಸದ್ದು ಯಾವುದು, ಸಹಜ ಯಾವುದು ಅಂತ ಗೊತ್ತಾಗ್ತದೆ. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನೇಗಿಲನ್ನು ಮುಟ್ಟಲಿಲ್ಲ. ಮುಂದೆ ಬೆಳಗಾವಿಯ ಜಾಗ ಬಿಡಬೇಕಾಗಿ ಬಂದು, ಔಂಧ್ ಸಂಸ್ಥಾನದ ದೊರೆ ಕೊಟ್ಟ ಬರಡು ನೆಲದಲ್ಲಿ, ಕುಂಡಲ್ ರೋಡ್ ಸ್ಟೇಷನ್ ಪಕ್ಕ, 1910ರಲ್ಲಿ ಕಾರ್ಖಾನೆ ಎದ್ದಿತು. ಅದೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ.

ರೈತರ ಭಯವನ್ನು ಮೌಢ್ಯ ಎಂದು ಬರೆಯುವುದು ರೂಢಿ. ನನಗೆ ಹಾಗನ್ನಿಸೋದಿಲ್ಲ. ಮಣ್ಣಿನ ಒಳಗೆ ಏನಾಗುತ್ತದೆ ಎಂದು ಅವರು ಬಿಚ್ಚಿ ನೋಡುವಂತಿರಲಿಲ್ಲ. ಪಣಕ್ಕಿದ್ದದ್ದು ಒಂದು ವರ್ಷದ ಬೆಳೆ. ಅವರು ಒಳ್ಳೆಯ ವಸ್ತುವನ್ನು ನಂಬದೆ ನಷ್ಟಪಟ್ಟರು, ನಾನು ಕೆಟ್ಟ ಕೆಲಸವನ್ನು ನಂಬಿ ಬಿದ್ದೆ. ಇಬ್ಬರಿಗೂ ಒಳಗಿನದು ಕಾಣುತ್ತಿರಲಿಲ್ಲ. ಕಾನೂನು ಇದಕ್ಕೆ 'ಸೇವಾ ನ್ಯೂನತೆ' ಎನ್ನುತ್ತದೆ, ಗ್ರಾಹಕ ಆಯೋಗಕ್ಕೆ ಹೋಗಬಹುದು. ನನ್ನ ಹತ್ತಿರ ಇದ್ದದ್ದು ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದ ಮೊತ್ತ.

ಮೊದಲಿನ ಗ್ಯಾರೇಜಿಗೆ ತಿರುಗಿ ಹೋದೆಯಾ ಅಂತ ಗೋಷ್ಠಿಗೆ ಮೊದಲು ಮೇಡಂ ಕೇಳಿದ್ದರು. ಹೋಗಿದ್ದೆ. ಪ್ಯಾಡ್ ಹಾಕಿದ್ದು ಮಿಸ್ತ್ರಿ ಅಲ್ಲ, ಕೆಲಸ ಕಲಿಯಲು ಬಂದ ಹುಡುಗ. ಆ ದಿನ ಮಿಸ್ತ್ರಿ ಪರೀಕ್ಷಿಸಿ ನೋಡಿರಲಿಲ್ಲ. ಫೋನಿನಲ್ಲಿ ಮಾತಾಡಿದ್ದು ಮಾತ್ರ ಅವರೇ. ಸವೆದ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು, ಹುಡುಗನನ್ನು ಕರೆದರು. ಬೈಯುತ್ತಾರೆ ಅಂದ್ಕೊಂಡೆ. ಹಾಗಾಗಲಿಲ್ಲ. ಇನ್ನೊಂದು ಗಾಡಿಯ ಚಕ್ರ ಬಿಚ್ಚಿಸಿ, ಪ್ಯಾಡ್ ಯಾವ ಕಡೆ ಮುಖ ಮಾಡಬೇಕು ಅಂತ ಅವನ ಕೈಯಿಂದಲೇ ಮೂರು ಸಲ ತೆಗೆಸಿ ಹಾಕಿಸಿದರು. ಪ್ಯಾಡಿನ ದುಡ್ಡು ವಾಪಸ್ ಕೊಟ್ಟರು. ಡಿಸ್ಕಿನ ಖರ್ಚು ನನ್ನದೇ ಆಯಿತು.