ಹರಿಹರದ ಶಿಲಾಲೇಖಗಳೂ ಚರಿತ್ರೆಯ ಪಾಠವೂ



ದಾವಣಗೆರೆಯಿಂದ ಹರಿಹರಕ್ಕೆ ಹತ್ತು ಮೈಲಿಗೂ ಕಡಿಮೆ ದೂರ. ಹಿಂದೆ ಕೂಡಲೂರೆನಿಸಿದ ಈ ಕ್ಷೇತ್ರದಲ್ಲಿ, ಹರಿದ್ರೆಯು ತುಂಗಭದ್ರೆಯನ್ನು ಸೇರುವೆಡೆಯಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಐದು ನೆಲೆಗಳ ಮಹಾದ್ವಾರವನ್ನೆತ್ತಿಸಿ ಹೊಂಗಳಸಗಳನ್ನಿಡಿಸಿದನು. ಇಷ್ಟನ್ನು ನಮಗೆ ತಿಳಿಸಿದವು ಅಲ್ಲಿಯ ಶಾಸನಗಳೇ.

ಅವು ಬೆಳಕಿಗೆ ಬಂದ ಬಗೆ ಸ್ವಾರಸ್ಯವಾಗಿದೆ. 1865ರಲ್ಲಿ ಮೇಜರ್ ಡಿಕ್ಸನ್ನನೆಂಬ ಸೈನ್ಯಾಧಿಕಾರಿಯು ಮೈಸೂರು ಸರ್ಕಾರಕ್ಕಾಗಿ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಅವನ್ನೋದಿ, ಇಂಗ್ಲಿಷಿಗೆ ಪರಿವರ್ತಿಸಿ, 1879ರಲ್ಲಿ ಪ್ರಕಟಿಸಿದವರು ಬಿ. ಎಲ್. ರೈಸ್ ಸಾಹೇಬರು. ಅವರು ವೃತ್ತಿಯಿಂದ ವಿದ್ಯಾಭ್ಯಾಸದ ಇಲಾಖೆಯವರು. ಹೋಬಳಿಗೊಂದು ಶಾಲೆಯೆಂಬ 1868ರ ಯೋಜನೆ ಅವರದೇ. ಶಾಲೆಗಳ ತನಿಖೆಗಾಗಿ ಊರೂರು ಸುತ್ತಿದವರೇ ಮುಂದೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರತಂದರು. ಚಿತ್ರದುರ್ಗದ ಜಿಲ್ಲೆಗೆ ಮೀಸಲಾದ ಹನ್ನೊಂದನೆಯದರಲ್ಲಿ ಹರಿಹರದ ಲೇಖಗಳು ಮತ್ತೆ ಅಚ್ಚಾದುವು.

ಸೈನಿಕನ ಕ್ಯಾಮರಾ ಚರಿತ್ರೆಗೆ ಒದಗಿತು. ಚರಿತ್ರೆಯ ಶೋಧನೆ ಶಾಲೆಗೆ ಒದಗಿತೆ? ಒದಗಿತು, ಆದರೆ ಅರೆಯಾಗಿ. ತೀರ್ಮಾನಗಳು ಪಾಠಪುಸ್ತಕವನ್ನು ಸೇರಿದುವು. ತೀರ್ಮಾನಕ್ಕೆ ಬಂದ ದಾರಿ ಹೊರಗೇ ಉಳಿಯಿತು. ಇಸವಿಗಳನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅವು ಎಲ್ಲಿಂದ ಬಂದುವೆಂಬುದು ತಿಳಿಯದು, ಕೇಳುವ ಧೈರ್ಯವೂ ಇಲ್ಲ.

ಆ ದಾರಿಯೇನೂ ಕಡಿದಾದುದಲ್ಲ. ಶಾಸನದಲ್ಲಿ ಸಾಮಾನ್ಯವಾಗಿ ಶಕವರ್ಷವಿರುತ್ತದೆ. 78ನ್ನು ಕೂಡಿದರೆ ಇಸವಿ ಹೆಚ್ಚುಕಡಿಮೆ ದೊರೆಯುತ್ತದೆ. ಜೊತೆಗೆ ಸಂವತ್ಸರದ ಹೆಸರುಂಟು. ಯುಗಾದಿಯಂದು ಮನೆಯಲ್ಲಿ ಪಂಚಾಂಗಶ್ರವಣ ಮಾಡಿದ ಮಗು, ಅರುವತ್ತು ವರ್ಷಗಳಿಗೊಮ್ಮೆ ಮರಳುವ ಆ ಹೆಸರಿನಿಂದ ಲೆಕ್ಕವನ್ನು ತಾನೇ ಒರೆಗೆ ಹಚ್ಚಬಹುದು. ಎರಡೂ ಹೊಂದದಿದ್ದರೆ ಇನ್ನೂ ಒಳ್ಳೆಯದು: ತಪ್ಪು ಬರೆದವನದೋ, ಕೆತ್ತಿದವನದೋ, ಓದಿದವನದೋ ಎಂಬ ವಿಚಾರ ಹುಟ್ಟುತ್ತದೆ. ವಿದ್ವಾಂಸನು ಮಾಡುವುದೂ ಇದನ್ನೇ. ಉಪಾಧ್ಯಾಯರಿಗೆ ಬೇಕಾದುದು ಒಂದು ಅಚ್ಚಾದ ಪಾಠ, ಕಲ್ಲಿನ ಒಂದು ಚಿತ್ರ, ಸ್ವಲ್ಪ ತಾಳ್ಮೆ. ಪರೀಕ್ಷೆಗೆ ಬಾರದ ವಿಷಯಕ್ಕೆ ವೇಳೆಯೆಲ್ಲಿ ಎಂಬ ಆಕ್ಷೇಪ ಬರುವುದುಂಟು. ಅದು ನ್ಯಾಯವೇ, ಆದಕಾರಣ ಪರೀಕ್ಷೆಯಲ್ಲಿಯೇ ಶಾಸನದ ನಾಲ್ಕು ಸಾಲುಗಳನ್ನು ಕೊಟ್ಟು, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳಬೇಕು.

ದಾವಣಗೆರೆಯ ಶಾಲೆಯೊಂದರ ಮಕ್ಕಳು ಒಂದು ಬೆಳಿಗ್ಗೆ ಹರಿಹರಕ್ಕೆ ಹೋಗಲಿ. ಕಲ್ಲನ್ನು ಮುಟ್ಟಿ ಸವೆಯಿಸುವುದು ಬೇಡ. ಓರೆಯಾಗಿ ಬಿಸಿಲು ಬೀಳುವ ಹೊತ್ತಿನಲ್ಲಿ ಅಕ್ಷರಗಳು ತಾವೇ ಎದ್ದು ಕಾಣುತ್ತವೆ. ಬಳಿಕ ಸೋಮ ದಂಡನಾಯಕನ ಐದು ನೆಲೆಗಳನ್ನು ಹುಡುಕಿ, ಎಷ್ಟನ್ನು ಕಂಡೆವೆಂದು ಬರೆದುಕೊಂಡು ಬರಲಿ.